ಕರೆಯುವ ಹೆಸರು

ನನ್ನ ಅಕ್ಕನ ಮಗ ವಿಮಾನಗಳ ಜೊತೆ ಮಾತಾಡುವ ಕೆಲಸ ಮಾಡುತ್ತಾನೆ. ಏರ್ ಟ್ರಾಫಿಕ್ ಕಂಟ್ರೋಲರ್. ಮೊನ್ನೆ ಮನೆಯಲ್ಲಿ ಗೃಹಪ್ರವೇಶ ಇತ್ತು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ಯಾರೋ ಅವನನ್ನು ಕೇಳಿದರು, "ದಿನಾ ಏನಂತ ಮಾತಾಡ್ತೀಯೋ ವಿಮಾನದವರ ಜೋಡಿ?" ಅವನು ಒಂದೆರಡು ಸಾಲು ಹೇಳಿ ತೋರಿಸಿದ. ಬ್ರಿಟಿಷ್ ಏರ್‌ವೇಸ್ ವಿಮಾನವನ್ನು "ಸ್ಪೀಡ್‌ಬರ್ಡ್" ಅಂತ ಕರೆಯುತ್ತೇವೆ ಅಂದ. ಐರ್ಲೆಂಡಿನ ಏರ್ ಲಿಂಗಸ್ "ಶಾಮ್‌ರಾಕ್", ಅಂದರೆ ಮೂರೆಲೆಯ ಒಂದು ಪುಟ್ಟ ಗಿಡ. ದಕ್ಷಿಣ ಆಫ್ರಿಕಾದವರು "ಸ್ಪ್ರಿಂಗ್‌ಬಾಕ್", ಅದು ಅಲ್ಲಿನ ಜಿಂಕೆ. ಸಿಂಗಪುರದ ಸ್ಕೂಟ್ ಕಂಪನಿಯವರು ರೇಡಿಯೋದಲ್ಲಿ "ಸ್ಕೂಟರ್".

ಎಲ್ಲರೂ ನಕ್ಕರು. "ಕೋಟಿಗಟ್ಟಲೆ ರೊಕ್ಕದ ವಿಮಾನ, ಕರಿಯೋದು ಸ್ಕೂಟರ್ ಅಂತ. ಹುಡುಗಾಟ ಆತಲ್ಲೋ" ಅಂದರು ಒಬ್ಬರು.

ನನಗೆ ನಗು ಬರಲಿಲ್ಲ. ಯಾಕೆ ಅಂತ ಆ ಹೊತ್ತಿನಲ್ಲಿ ಹೇಳಲು ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಹತ್ತು ವರ್ಷದ ಹಿಂದೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಅಪ್ಪನ ಹೆಸರು ನಮ್ಮ ಕಡೆ ಓಣಿಗೆ ನಾಲ್ಕು ಜನರಿಗೆ ಇರುವಂಥದ್ದು. ರಕ್ತಪರೀಕ್ಷೆಯ ರಿಪೋರ್ಟು ಕೊಡುವ ಕಿಟಕಿಯಲ್ಲಿ ಆ ಹೆಸರು ಕೂಗಿದರು. ನಾನು ಎದ್ದು ಹೋಗಿ ತೆಗೆದುಕೊಂಡೆ. ಅದು ಇನ್ನೊಬ್ಬರ ರಿಪೋರ್ಟು. ಹೆಸರು ಅದೇ, ವಯಸ್ಸು ಹೆಚ್ಚುಕಮ್ಮಿ ಅಷ್ಟೇ. ಸಂಜೆ ಆ ಕಾಗದ ನೋಡಿ ಅಪ್ಪನ ಗುಳಿಗೆ ಬದಲಾಯಿಸಿದರು. ರಾತ್ರಿ ಪಾಳಿಗೆ ಬಂದ ನರ್ಸ್ ಒಬ್ಬರು ಗುಳಿಗೆ ಕೊಡುವ ಮೊದಲು ನಂಬರು ತಾಳೆ ನೋಡಿದರು. ಅವರಿಂದ ಅಪ್ಪ ಉಳಿದುಕೊಂಡರು. ಅವತ್ತು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಒಂದು ಹೆಸರನ್ನು ಕೂಗಿದಾಗ ಇಬ್ಬರು ಎದ್ದು ನಿಲ್ಲುವ ಹಾಗೆ ಇರಬಾರದು ಅನ್ನುವುದು ನನಗೆ ಆವತ್ತಿನಿಂದ ಎದೆಗೆ ಅಂಟಿಕೊಂಡ ಮಾತು.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಮಗುವಿಗೆ ಎರಡು ಹೆಸರು ಇರುತ್ತವೆ ಅಲ್ವಾ? ಒಂದು ಶಾಲೆಯ ರಿಜಿಸ್ಟರಿಗೆ. ಇನ್ನೊಂದು ಕರೆಯುವ ಹೆಸರು. ತೊಟ್ಟಿಲಲ್ಲಿ ಅಜ್ಜನ ಹೆಸರು ಇಟ್ಟಿರುತ್ತಾರೆ. ಅದೇ ಹೆಸರಿನ ಮೊಮ್ಮಕ್ಕಳು ಮನೆತನದಲ್ಲಿ ಮೂರು ಜನ. ಅಂಗಳದಿಂದ ಕೂಗಿದರೆ ಒಬ್ಬನೇ ಓಡಿ ಬರಬೇಕಲ್ಲ, ಅದಕ್ಕೆ ಕರೆಯುವ ಹೆಸರು. ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ನೋಡಿ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ, ಕರಡಿ. ನನ್ನ ತರಗತಿಯಲ್ಲಿ ಐದು ಜನ ಬಸವರಾಜ ಇದ್ದರು. ಮಾಸ್ತರರು ಒಮ್ಮೆಯೂ ತಪ್ಪಲಿಲ್ಲ. "ಉಳ್ಳಾಗಡ್ಡಿ" ಅಂದರೆ ಒಬ್ಬ ಏಳುತ್ತಿದ್ದ, "ಬೆಲ್ಲದ" ಅಂದರೆ ಇನ್ನೊಬ್ಬ. ಬೇರೆ ಊರಿನವರಿಗೆ ವಿಚಿತ್ರ ಅನ್ನಿಸುವ ಹೆಸರೇ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುತ್ತಿತ್ತು.

ವಿಮಾನದ ಕಾಲ್‌ಸೈನ್ ಅಂದರೆ ಇದೇ. ಕರೆಯುವ ಹೆಸರು.

ನಮ್ಮ ಟಿಕೆಟ್ ಮೇಲೆ ಎರಡಕ್ಷರ ಇರುತ್ತದೆ. ಬ್ರಿಟಿಷ್ ಏರ್‌ವೇಸ್‌ಗೆ ಬಿಎ, ಏರ್ ಇಂಡಿಯಾಕ್ಕೆ ಎಐ, ಇಂಡಿಗೋಗೆ 6ಇ. ಅದು ಟಿಕೆಟ್ಟಿನ ವ್ಯವಹಾರಕ್ಕೆ. ಕಂಟ್ರೋಲರ್ ಮುಂದಿನ ಪರದೆಯಲ್ಲಿ ಮೂರಕ್ಷರ ಕಾಣುತ್ತದೆ. ಬಿಎಡಬ್ಲ್ಯು, ಎಐಸಿ, ಐಜಿಒ. ಅದು ಕಣ್ಣಿಗೆ. ಬಾಯಿಗೆ ಮತ್ತು ಕಿವಿಗೆ ಬೇರೆ ಹೆಸರು. ಪರದೆಯಲ್ಲಿ ಬಿಎಡಬ್ಲ್ಯು ಕಂಡರೆ ಸ್ಪೀಡ್‌ಬರ್ಡ್ ಅನ್ನಬೇಕು. ಐಜಿಒ ಕಂಡರೆ "ಐಫ್ಲೈ" ಅನ್ನಬೇಕು. ಹೌದು, ಇಂಡಿಗೋ ವಿಮಾನ ಆಕಾಶದಲ್ಲಿ ಇಂಡಿಗೋ ಅಲ್ಲ, ಐಫ್ಲೈ. ಈ ಹೆಸರುಗಳನ್ನು ಕಂಪನಿ ತಾನೇ ಇಟ್ಟುಕೊಂಡು ಸುಮ್ನೆ ಬಳಸುವ ಹಾಗಿಲ್ಲ. ಆಯಾ ದೇಶದ ಸರ್ಕಾರದ ಮೂಲಕ ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಐಸಿಎಒ, ಅಂದರೆ ಲೋಕದ ನಾಗರಿಕ ವಿಮಾನಯಾನದ ನಿಯಮ ನೋಡಿಕೊಳ್ಳುವ ಸಂಸ್ಥೆಗೆ ಕೇಳಬೇಕು. ಅಲ್ಲಿ 8585 ನಂಬರಿನ ಒಂದು ದಾಖಲೆ ಇದೆ. ಇಡೀ ಲೋಕದ ಕರೆಯುವ ಹೆಸರುಗಳು ಅದರಲ್ಲಿವೆ. ಈಗಾಗಲೇ ಇರುವ ಹೆಸರಿನ ಹಾಗೆ ಕೇಳಿಸುವ ಹೆಸರನ್ನು ಕೊಡುವುದಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ ಬೇಕು ಅಂದರೆ ಆ ರೇಡಿಯೋ ಹೇಗಿರುತ್ತದೆ ಅಂತ ತಿಳಿಯಬೇಕು. ನಮ್ಮ ಫೋನಿನ ಹಾಗಲ್ಲ ಅದು. ಒಂದು ಪ್ರದೇಶದ ಎಲ್ಲ ವಿಮಾನಗಳಿಗೆ ಒಂದೇ ತರಂಗ. ಹತ್ತು ಹದಿನೈದು ವಿಮಾನಗಳ ಪೈಲಟ್‌ಗಳು ಅದೇ ಒಂದು ದಾರಿಯಲ್ಲಿ ಮಾತಾಡಬೇಕು. ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಉಳಿದವರೆಲ್ಲ ಕೇಳಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಕೀಚಲು ಸದ್ದು, ಇಬ್ಬರ ಮಾತೂ ಸರಿಯಾಗಿ ತಲುಪುವುದಿಲ್ಲ. ಮುಖ ಕಾಣುವುದಿಲ್ಲ. ಒಬ್ಬ ಪೈಲಟ್ ರಷ್ಯಾದವನು, ಒಬ್ಬಳು ಕೊರಿಯಾದವಳು, ಕಂಟ್ರೋಲರ್ ಹುಬ್ಬಳ್ಳಿಯವನು. ಎಲ್ಲರ ಇಂಗ್ಲಿಷೂ ಬೇರೆ. ಅದಕ್ಕೇ ಅಂಕಿಗಳನ್ನು ಕೂಡ ತಿದ್ದಿ ಹೇಳುತ್ತಾರೆ. ಮೂರಕ್ಕೆ "ಟ್ರೀ", ಐದಕ್ಕೆ "ಫೈಫ್", ಒಂಬತ್ತಕ್ಕೆ "ನೈನರ್". ಅರಬ್ಬಿ ಸಮುದ್ರದ ಮೇಲೆ ದೂರ ಹೋದ ವಿಮಾನಗಳ ಜೊತೆ ಇನ್ನೊಂದು ಬಗೆಯ ರೇಡಿಯೋದಲ್ಲಿ ಮಾತಾಡಬೇಕಾಗುತ್ತದೆ. ಅದರ ತುಂಬ ಕೊರಕೊರ ಸದ್ದು. ಆ ಸದ್ದನ್ನು ಸೀಳಿಕೊಂಡು ಒಂದು ಪದ ಮಾತ್ರ ದಾಟಿ ಬರಬೇಕು ಅಂದರೆ ಅದು ಯಾವ ಪದ ಆಗಿರಬೇಕು ಯೋಚಿಸಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಪ್ರೀತಿಯ ಹೆಸರು ಸ್ಪೀಡ್‌ಬರ್ಡ್. ಅದರ ಕಥೆ ಕೇಳಿ. 1932ರಲ್ಲಿ ಥೇರ್ ಲೀ-ಎಲಿಯಟ್ ಎಂಬ ಕಲಾವಿದ ಇಂಪೀರಿಯಲ್ ಏರ್‌ವೇಸ್ ಎಂಬ ಬ್ರಿಟಿಷ್ ಕಂಪನಿಗೆ ಒಂದು ಗುರುತು ಬರೆದುಕೊಟ್ಟ. ಕೆಲವೇ ನೇರ ಗೆರೆಗಳು, ಮೇಲಕ್ಕೆ ಹಾರುವ ಹಕ್ಕಿ. ಅದಕ್ಕೆ ಸ್ಪೀಡ್‌ಬರ್ಡ್ ಅನ್ನುವ ಹೆಸರು ಬಂತು. ಅದೇ 1932ರ ಅಕ್ಟೋಬರ್ 15ರಂದು, ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದಿಳಿಸಿದ ಅಂಚೆಯನ್ನು ಜೆ.ಆರ್.ಡಿ. ಟಾಟಾ ತಮ್ಮ ಪುಟ್ಟ ವಿಮಾನದಲ್ಲಿ ಮುಂಬೈಗೆ ತಂದರು. ಅಲ್ಲಿಂದ ನೆವಿಲ್ ವಿಂಟ್‌ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು. ದಾರಿಯಲ್ಲಿ ಎಲ್ಲಿ ಇಳಿದರು ಗೊತ್ತಾ? ನಮ್ಮ ಬಳ್ಳಾರಿಯಲ್ಲಿ. ಆ ಹಕ್ಕಿ ಹುಟ್ಟಿದ ವರ್ಷವೇ ಅದರ ಕಂಪನಿಯ ಅಂಚೆ ಬಳ್ಳಾರಿಯ ನೆಲ ಮುಟ್ಟಿತ್ತು. ಇದನ್ನು ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಮುಂದೆ ಇಂಪೀರಿಯಲ್ ಏರ್‌ವೇಸ್ ಹೋಗಿ ಬಿಒಎಸಿ ಬಂತು. ಹಕ್ಕಿ ಉಳಿಯಿತು. 1974ರಲ್ಲಿ ಬಿಒಎಸಿ ಹೋಗಿ ಬ್ರಿಟಿಷ್ ಏರ್‌ವೇಸ್ ಬಂತು. ಹಕ್ಕಿ ಚಿಕ್ಕದಾಗಿ ವಿಮಾನದ ಮೂತಿಯ ಹತ್ತಿರ ಉಳಿಯಿತು. 1984ರಲ್ಲಿ ಬಣ್ಣ ಬದಲಾಯಿಸಿದಾಗ ಅಲ್ಲಿಂದಲೂ ಹೋಯಿತು. ಆದರೆ ಹೆಸರು ಹೋಗಲಿಲ್ಲ. ಈಗಲೂ ಲಂಡನ್‌ನಿಂದ ಬೆಂಗಳೂರಿಗೆ ಬರುವ ಆ ಕಂಪನಿಯ ವಿಮಾನ ಸ್ಪೀಡ್‌ಬರ್ಡ್ ಅಂತಲೇ ತನ್ನನ್ನು ಹೇಳಿಕೊಳ್ಳುತ್ತದೆ. ಆ ಹಕ್ಕಿ ಈಗ ಇರುವುದು ಹೆಚ್ಚಾಗಿ ಕಂಟ್ರೋಲರ್‌ಗಳ ಕಿವಿಯಲ್ಲಿ. ಕಂಪನಿಯ ಬಣ್ಣ, ಚಿತ್ರ, ಜಾಹೀರಾತು ಎಲ್ಲ ಬದಲಾದರೂ ಕರೆಯುವ ಹೆಸರನ್ನು ಯಾರೂ ಮುಟ್ಟಲಿಲ್ಲ. ಇದು ಬರೀ ಅಭಿಮಾನ ಅಲ್ಲ, ಉಪಯೋಗವೂ ಹೌದು. ಆ ಪದದ ಹಾಗೆ ಕೇಳಿಸುವ ಇನ್ನೊಂದು ದೊಡ್ಡ ಕಂಪನಿ ಲೋಕದಲ್ಲಿಲ್ಲ.

ಕಂಪನಿಯ ಹೆಸರನ್ನೇ ಕೂಗಿದರೆ ಏನಾಗುತ್ತಿತ್ತು? ಏರ್ ಚೈನಾ ಬೀಜಿಂಗ್‌ನದು. ಚೈನಾ ಏರ್‌ಲೈನ್ಸ್ ತೈವಾನ್‌ನದು. ಇಬ್ಬರೂ ಒಂದೇ ತರಂಗದಲ್ಲಿ ಇದ್ದರೆ ಗತಿ ಏನು? ಅದಕ್ಕೇ ತೈವಾನಿನವರು ರೇಡಿಯೋದಲ್ಲಿ "ಡೈನಸ್ಟಿ". ನಮ್ಮಲ್ಲೂ ಹೀಗೇ ಇತ್ತು. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಬೇರೆ ಬೇರೆ ಇದ್ದ ಕಾಲದಲ್ಲಿ ಎರಡನೆಯದು "ಇಂಡ್‌ಏರ್" ಆಗಿತ್ತು. ಈಗ ಏರ್ ಇಂಡಿಯಾ ಎಕ್ಸ್‌ಪ್ರೆಸ್ "ಎಕ್ಸ್‌ಪ್ರೆಸ್ ಇಂಡಿಯಾ". ಪದಗಳನ್ನು ಹಿಂದುಮುಂದು ಮಾಡಿದ್ದರಿಂದ ಮೊದಲ ಸದ್ದೇ ಬೇರೆಯಾಯಿತು. ಕಿವಿ ಮೊದಲು ಹಿಡಿಯುವುದು ಆ ಮೊದಲ ಸದ್ದನ್ನೇ.

ಈಗ ನನ್ನ ಮನಸ್ಸನ್ನು ಕಲಕಿದ ಎರಡು ಘಟನೆ ಹೇಳಬೇಕು.

ಮೊದಲನೆಯದು 15 ಜನವರಿ 2009. ನ್ಯೂಯಾರ್ಕಿನ ಲಗಾರ್ಡಿಯಾದಿಂದ ಹೊರಟ ಯುಎಸ್ ಏರ್‌ವೇಸ್‌ನ 1549 ನಂಬರಿನ ವಿಮಾನಕ್ಕೆ ಹೆಬ್ಬಾತುಗಳ ಹಿಂಡು ಬಡಿಯಿತು. ಎರಡೂ ಎಂಜಿನ್ ಬಲ ಕಳೆದುಕೊಂಡವು. ಆ ಕಂಪನಿಯ ಕರೆಯುವ ಹೆಸರು "ಕ್ಯಾಕ್ಟಸ್", ಕಳ್ಳಿಗಿಡ. 2005ರಲ್ಲಿ ಅದು ಅಮೆರಿಕ ವೆಸ್ಟ್ ಎಂಬ ಕಂಪನಿಯ ಜೊತೆ ಸೇರಿತ್ತು. ಅಮೆರಿಕ ವೆಸ್ಟ್‌ನವರು ಅರಿಜೋನಾದ ಮರುಭೂಮಿಯವರು, ಕಳ್ಳಿಗಿಡ ಅವರದು. ವಿಮಾನದ ಮೇಲೆ ಯುಎಸ್ ಏರ್‌ವೇಸ್ ಅಂತ ಬರೆದಿದ್ದರೂ ರೇಡಿಯೋದಲ್ಲಿ ಕ್ಯಾಕ್ಟಸ್ ಉಳಿದಿತ್ತು. ಹಕ್ಕಿ ಬಡಿದ ಮೇಲೆ ಕ್ಯಾಪ್ಟನ್ ಸಲೆನ್‌ಬರ್ಗರ್ ಹೇಳಿದ್ದು "ಕ್ಯಾಕ್ಟಸ್ 1539" ಅಂತ. 1549 ಅಲ್ಲ, 1539. ಅಷ್ಟು ವರ್ಷದ ಅನುಭವ ಇದ್ದ ಮನುಷ್ಯ. ಆ ಗಳಿಗೆಯಲ್ಲಿ ನಂಬರು ಜಾರಿತು. ಆ ಕಡೆ ಕಂಟ್ರೋಲರ್ ಬಾಯಲ್ಲೂ ಜಾರಿತು. ಅವರು 1529 ಅಂದರು. ಮೂರು ನಂಬರು, ಒಂದೇ ವಿಮಾನ. ಆದರೆ ಕ್ಯಾಕ್ಟಸ್ ಅನ್ನುವ ಪದ ಮಾತ್ರ ಅಲ್ಲಾಡಲಿಲ್ಲ. ವಿಮಾನ ಹಡ್ಸನ್ ನದಿಯ ಮೇಲೆ ಇಳಿಯಿತು. 155 ಜನರೂ ಬದುಕಿದರು. ಅವರನ್ನು ಕಾಪಾಡಿದ್ದು ಪೈಲಟ್‌ಗಳ ಕೈ, ಸಿಬ್ಬಂದಿಯ ಧೈರ್ಯ, ಓಡಿ ಬಂದ ದೋಣಿಗಳು. ಹೆಸರೊಂದೇ ಕಾಪಾಡಿತು ಅಂತ ನಾನು ಹೇಳುವುದಿಲ್ಲ. ಭಯದಲ್ಲಿ ಅಂಕಿ ಕೈಬಿಡುತ್ತದೆ, ಚಿತ್ರ ಇರುವ ಪದ ಕೈಬಿಡುವುದಿಲ್ಲ. ನಾನು ಹೇಳುವುದು ಇದು.

ಎರಡನೆಯದನ್ನು ಬರೆಯಲು ಕಷ್ಟ. 27 ಮಾರ್ಚ್ 1977, ಟೆನೆರಿಫ್ ದ್ವೀಪ. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಜಂಬೋ ವಿಮಾನ. ಒಂದು ಡಚ್ಚರ ಕೆಎಲ್‌ಎಂ, ಇನ್ನೊಂದು ಅಮೆರಿಕದ ಪ್ಯಾನ್ ಆಮ್. ಪ್ಯಾನ್ ಆಮ್‌ನ ಕರೆಯುವ ಹೆಸರು "ಕ್ಲಿಪ್ಪರ್". ಹಿಂದೆ ವೇಗವಾಗಿ ಓಡುತ್ತಿದ್ದ ಹಾಯಿಹಡಗುಗಳ ಹೆಸರು ಅದು. ಕೆಎಲ್‌ಎಂ ಹಾರಲು ಓಡತೊಡಗಿತ್ತು. ಆಗ "ನಿಲ್ಲಿ, ನಾನು ಕರೆಯುತ್ತೇನೆ" ಅನ್ನುವ ಕಂಟ್ರೋಲರ್ ಮಾತು, "ನಾವಿನ್ನೂ ರನ್‌ವೇ ಮೇಲಿದ್ದೇವೆ, ಕ್ಲಿಪ್ಪರ್ 1736" ಅನ್ನುವ ಪ್ಯಾನ್ ಆಮ್ ಮಾತು, ಎರಡೂ ಒಟ್ಟಿಗೆ ಬಂದವು. ಕೆಎಲ್‌ಎಂನವರ ಕಿವಿಗೆ ಬಂದದ್ದು ಕೀಚಲು ಸದ್ದು. ಅದರ ಬೆನ್ನಿಗೇ ಕಂಟ್ರೋಲರ್ ಪ್ಯಾನ್ ಆಮ್‌ಗೆ ಮತ್ತೆ ಹೇಳಿದ, ರನ್‌ವೇ ಬಿಟ್ಟ ಮೇಲೆ ತಿಳಿಸಿ ಅಂತ. ಆದರೆ ಆ ಸಲ ಕ್ಲಿಪ್ಪರ್ ಅನ್ನಲಿಲ್ಲ. "ಪಾಪಾ ಆಲ್ಫಾ 1736" ಅಂದ. ಪಾಪಾ, ಆಲ್ಫಾ ಅಂದರೆ ರೇಡಿಯೋ ಮಾತಿನಲ್ಲಿ ಪಿ, ಎ ಅಕ್ಷರಗಳು. ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ಒಬ್ಬನಿಗೆ ಅನುಮಾನ ಬಂತು. ಆ ಪ್ಯಾನ್ ಅಮೆರಿಕನ್ ಇನ್ನೂ ಹೋಗಿಲ್ಲವಾ ಅಂತ ಕೇಳಿದ. ಕ್ಯಾಪ್ಟನ್ ಹೋಗಿದೆ ಅಂದ. 583 ಜನ ಸತ್ತರು.

ಕೆಎಲ್‌ಎಂ ಅನುಮತಿ ಇಲ್ಲದೆ ಓಡಿದ್ದೇ ಮುಖ್ಯ ಕಾರಣ. ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಒಂದು ಕರೆಯಲ್ಲಿ ಎಲ್ಲರಿಗೂ ಪರಿಚಯದ ಕ್ಲಿಪ್ಪರ್ ಅನ್ನುವ ಪದ ಇದ್ದಿದ್ದರೆ ಇನ್ನೊಬ್ಬರ ಕಿವಿಯಾದರೂ ನೆಟ್ಟಗಾಗುತ್ತಿತ್ತೇನೋ ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ. ಆಸ್ಪತ್ರೆಯ ಆ ಕಿಟಕಿ ನೆನಪಾಗುತ್ತದೆ.

ಇಷ್ಟೆಲ್ಲ ಹೇಳುವುದು ನಮ್ಮ ದೇಶದ ವಿಷಯಕ್ಕೆ ಬರಲು.

ನಮ್ಮಲ್ಲಿ ದೇಶದೊಳಗೆ ವಿಮಾನದಲ್ಲಿ ಓಡಾಡುವ 100 ಜನರಲ್ಲಿ 60ಕ್ಕೂ ಹೆಚ್ಚು ಜನ ಇಂಡಿಗೋದಲ್ಲೇ ಹೋಗುತ್ತಾರೆ. ದಿನಕ್ಕೆ 2000ದ ಆಸುಪಾಸು ಹಾರಾಟ. ಅಂದರೆ ಒಂದು ತರಂಗದಲ್ಲಿರುವ ಬಹುಪಾಲು ವಿಮಾನಗಳ ಹೆಸರು ಐಫ್ಲೈ. ಐಫ್ಲೈ, ಐಫ್ಲೈ, ಐಫ್ಲೈ. ಇದರಲ್ಲಿ ಕಂಪನಿಯ ತಪ್ಪು ಏನೂ ಇಲ್ಲ. ಐಫ್ಲೈ ಚಿಕ್ಕ ಪದ, ಚೆನ್ನಾಗಿಯೇ ಇದೆ. ಆದರೆ ತರಗತಿಯಲ್ಲಿ ಎಲ್ಲರೂ ಉಳ್ಳಾಗಡ್ಡಿ ಮನೆತನದವರೇ ಆದರೆ ಮಾಸ್ತರರು ಏನು ಮಾಡಬೇಕು? ಅಡ್ಡಹೆಸರು ಕೆಲಸಕ್ಕೆ ಬರುವುದಿಲ್ಲ. ಭಾರವೆಲ್ಲ ನಂಬರಿನ ಮೇಲೆ ಬೀಳುತ್ತದೆ. ಮೊದಲು ಜಾರುವುದೇ ನಂಬರು ಅಂತ ಹಡ್ಸನ್‌ನಲ್ಲಿ ನೋಡಿದೆವಲ್ಲ.

ಇದಕ್ಕೆ ದಾರಿ ಇದೆ. ಬ್ರಿಟಿಷ್ ಏರ್‌ವೇಸ್ ತನ್ನ ದೇಶದೊಳಗಿನ ಹಾರಾಟಕ್ಕೆ "ಶಟಲ್" ಅನ್ನುವ ಎರಡನೇ ಹೆಸರನ್ನೂ ಇಟ್ಟುಕೊಂಡಿದೆ. ಯುರೋಪಿನಲ್ಲಿ ಬರೀ ಅಂಕಿಯ ಬದಲು ಅಂಕಿ ಅಕ್ಷರ ಬೆರೆಸಿ ಕರೆಯುವುದು ತುಂಬ ರೂಢಿ. ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಹತ್ತಿರದ ಸದ್ದಿನ ಎರಡು ಕರೆ ಬರದ ಹಾಗೆ ಮೊದಲೇ ನೋಡಿಕೊಳ್ಳುತ್ತಾರೆ. ನಮ್ಮಲ್ಲೂ ಇದು ಇನ್ನೂ ಜಾಸ್ತಿ ಆಗಬೇಕು. ಅಷ್ಟು ದೊಡ್ಡ ಕಂಪನಿ ತನ್ನ ವಿಮಾನಗಳನ್ನು ಎರಡು ಮೂರು ಕರೆಯುವ ಹೆಸರುಗಳಿಗೆ ಹಂಚಿಕೊಳ್ಳಬೇಕು ಅಂತ ನನ್ನ ಗಟ್ಟಿಯಾದ ಅಭಿಪ್ರಾಯ. ಕಂಟ್ರೋಲರ್ ಕೂಡ ಮನುಷ್ಯ. ಅವನಿಗೂ ಬೆಳಗಿನ ಜಾವ ನಾಲ್ಕಕ್ಕೆ ಕಣ್ಣು ಎಳೆಯುತ್ತದೆ.

ಒಳ್ಳೆಯ ಹೆಸರುಗಳು ನಮ್ಮಲ್ಲಿ ಇರಲಿಲ್ಲ ಅಂತಲ್ಲ. 2003ರಲ್ಲಿ ಬೆಂಗಳೂರಿನಿಂದ ಶುರುವಾದ ಏರ್ ಡೆಕ್ಕನ್ "ಡೆಕ್ಕನ್" ಅಂತ ಕರೆಸಿಕೊಳ್ಳುತ್ತಿತ್ತು. ಗಟ್ಟಿ ಪದ. ಬೆಂಗಳೂರನ್ನೇ ನೆಲೆ ಮಾಡಿಕೊಂಡಿದ್ದ ಏರ್‌ಏಷ್ಯಾ ಇಂಡಿಯಾ "ರೆಡ್ ನೈಟ್", ಅಂದರೆ ಕೆಂಪು ಯೋಧ. ಎರಡೂ ಈಗಿಲ್ಲ. 12 ನವೆಂಬರ್ 2024ರಂದು ವಿಸ್ತಾರ ಏರ್ ಇಂಡಿಯಾದೊಳಗೆ ಸೇರಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ನಮ್ಮ ನುಡಿಗಳಿಗೆಲ್ಲ ಹತ್ತಿರದ ಒಂದು ಪದ ರೇಡಿಯೋದಲ್ಲಿ ಹತ್ತು ವರ್ಷ ಓಡಾಡಿ ಸುಮ್ಮನಾಯಿತು.

ಗೃಹಪ್ರವೇಶದ ಮರುದಿನ ಇದನ್ನೇ ಹುಡುಗನಿಗೆ ಹೇಳಿದೆ. "ಹಂಗಾರ ಕನ್ನಡದ್ದೊಂದು ಹೆಸರು ಹುಡುಕೋಣೇನು ಮಾಮಾ?" ಅಂದ. ಕೂತು ಪಟ್ಟಿ ಮಾಡಿದೆವು. ಮೊದಲು ಅವನು ಳ ಮತ್ತು ಣ ಇರುವ ಪದಗಳನ್ನೆಲ್ಲ ತೆಗೆದ. ಹೊರಗಿನವರ ನಾಲಿಗೆಗೆ ಅವು ಬಗ್ಗುವುದಿಲ್ಲ. ಕೊಳಲು ಹೋಯಿತು. ತುಂಗಾ ಅಂದೆ. "ಟೊಂಗಾ ಅಂತ ಒಂದು ದೇಶಾನ ಐತ್ರಿ" ಅಂದ. ಮಲ್ಲಿಗೆ ಅಂದೆ. ಅವನು ಸ್ವಲ್ಪ ಹೊತ್ತು ಬಾಯಲ್ಲೇ ಹೇಳಿಕೊಂಡು ನೋಡಿದ. "ಬೆಂಗಳೂರಿಗೆ ಮಲೇಶಿಯನ್ ಬರ್ತೈತ್ರಿ. ಮೊದಲ ಎರಡು ಅಕ್ಷರ ಕೂಡ್ತಾವ. ಬ್ಯಾಡ." ನಾನು ಮಲ್ಲಿಗೆಯನ್ನು ಬಿಟ್ಟುಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡೆ.

ಉಳಿದದ್ದು ಹಂಪಿ, ನವಿಲು, ಕಬಿನಿ, ಕಾವೇರಿ. ಸದ್ದಿನಲ್ಲಿ ಪರೀಕ್ಷೆ ಮಾಡೋಣ ಅಂದ. ಹಿತ್ತಲಲ್ಲಿ ಬೋರ್‌ವೆಲ್ ಮೋಟಾರು ಹಚ್ಚಿದ. ನಾನು ಪಡಸಾಲೆಯ ಬಾಗಿಲಲ್ಲಿ ಪೆನ್ನು ಹಿಡಿದು ನಿಂತೆ. ಅಡುಗೆಮನೆಯಲ್ಲಿ ಅಕ್ಕ ಶೇಂಗಾ ಚಟ್ನಿಗೆ ಮಿಕ್ಸಿ ಹಾಕಿದ್ದಳು, ಅದೂ ಒಳ್ಳೆಯದೇ ಆಯಿತು. ಅವನು ತನ್ನ ಡ್ಯೂಟಿಯ ದನಿಯಲ್ಲಿ, ಅವಸರ ಇಲ್ಲದೆ, ಒಂದೊಂದೇ ಪದಕ್ಕೆ ನಂಬರು ಸೇರಿಸಿ ಹೇಳಿದ. ಹಂಪಿ ನನಗೆ ಕಂಪಿ ಅಂತ ಕೇಳಿತು. ನವಿಲಿನ ನ ಮೋಟಾರಿನ ಸದ್ದಿನಲ್ಲಿ ಮುಳುಗಿತು. ಕಬಿನಿ ಪರವಾಗಿಲ್ಲ, ಆದರೂ ಎರಡನೇ ಸಲ ಕೇಳಬೇಕಾಯಿತು.

"ಕಾವೇರಿ, ಟೂ ಟ್ರೀ ಫೈಫ್."

ನಾನು ಬರೆದುಕೊಳ್ಳುವ ಮೊದಲೇ ಮಿಕ್ಸಿ ನಿಂತಿತು. ಕೈಯಲ್ಲಿ ಸೌಟು ಹಿಡಿದುಕೊಂಡೇ ಅಕ್ಕ ಹೊರಗೆ ಬಂದಳು. "ಕಾವೇರಿ ಕಾವೇರಿ ಅಂತ ಯಾಕ ಒದರಾಕತ್ತೀರಿ? ಯಾರು ಬಂದಾರ ಬಾಗಿಲಿಗೆ?"